‘ಇಲ್ಲಿ ಸಂಗೀತ ಬೇಡ’

ಮಳೆ ಸುರಿಯುತ್ತಿರುವ ರಾತ್ರಿ. ತರುಣಿಯೊಬ್ಬಳು ಒಂಟಿಯಾಗಿ ಕಾರು ಓಡಿಸುತ್ತಿದ್ದಾಳೆ. ಎದುರಿನಿಂದ ಬರುವ ವಾಹನಗಳ ಬೆಳಕು ಅವಳ ಮುಖದ ಮೇಲೆ ಬಿದ್ದು ಸರಿದು ಹೋಗುತ್ತದೆ. ಗಾಜಿನ ಮೇಲೆ ವೈಪರ್ ಅತ್ತಿಂದಿತ್ತ ಆಡುತ್ತಿದೆ. ಕಣ್ಣಿಗೆ ಕಾಣುವುದು ಇಷ್ಟೇ. ಯಾರೂ ಅವಳನ್ನು ಬೆನ್ನಟ್ಟಿ ಬರುತ್ತಿಲ್ಲ. ರಸ್ತೆಯಲ್ಲಿ ಅಪಘಾತವಾಗಿಲ್ಲ. ಟಿ.ವಿ.ಯ ಧ್ವನಿಯನ್ನು ಪೂರ್ತಿ ಅಡಗಿಸಿ ನೋಡಿದರೆ, ಕೆಲಸ ಮುಗಿಸಿಕೊಂಡು ತವರಿಗೆ ಹೊರಟ ಹೆಣ್ಣುಮಗಳಂತೆ ಕಾಣುತ್ತಾಳೆ.

ಈಗ ಧ್ವನಿ ಏರಿಸಿ ಅದೇ ದೃಶ್ಯವನ್ನು ಮತ್ತೊಮ್ಮೆ ನೋಡಬೇಕು. ಅವಳು ಮನಸ್ಸಿನಲ್ಲೇ ಊಹಿಸಿಕೊಳ್ಳುವ ಮಾತುಗಳು ಕೇಳಿಸುತ್ತವೆ. ಅದರ ಜೊತೆಗೆ ಪಿಟೀಲುಗಳು ಒಂದೇ ಸಮನೆ ಕುಟ್ಟತೊಡಗುತ್ತವೆ. ನಿಲ್ಲುವಂತೆ ಮಾಡಿ ಮತ್ತೆ ಹಿಡಿದುಕೊಳ್ಳುತ್ತವೆ. ನೋಡುವವರ ಎದೆ ಢವಢವ ಎನ್ನುತ್ತದೆ. ಈಕೆ ಏನೋ ಮಾಡಬಾರದ್ದು ಮಾಡಿ ಬಂದಿದ್ದಾಳೆ, ಮುಂದೆ ಏನೋ ಕೇಡು ಕಾದಿದೆ ಎಂದು ಯಾರೂ ಹೇಳದೆಯೇ ಗೊತ್ತಾಗಿಬಿಡುತ್ತದೆ. ನಿಜ. ಅವಳು ತಾನು ಕೆಲಸ ಮಾಡುವ ಕಚೇರಿಯಿಂದ 40,000 ಡಾಲರ್ ಕದ್ದು ಓಡಿಹೋಗುತ್ತಿದ್ದಾಳೆ.

ಚಿತ್ರದ ಹೆಸರು ‘ಸೈಕೋ’. ತೆರೆಗೆ ಬಂದದ್ದು 1960ರಲ್ಲಿ. ದೃಶ್ಯ ಕಟ್ಟಿದವನು ಆಲ್‌ಫ್ರೆಡ್ ಹಿಚ್‌ಕಾಕ್. ಅದಕ್ಕೆ ಎದೆಬಡಿತ ಕೊಟ್ಟವನು ಬರ್ನಾರ್ಡ್ ಹರ್ಮನ್. ಹಾಲಿವುಡ್ ಕಂಡ ಅತಿ ದೊಡ್ಡ ಜೋಡಿಗಳಲ್ಲಿ ಇವರದೂ ಒಂದು. ಹತ್ತು ವರ್ಷ ಜೊತೆಯಾಗಿ ದುಡಿದ ಈ ಇಬ್ಬರೂ ಒಂದು ದಿನ ಮುಖ ತಿರುಗಿಸಿಕೊಂಡು ಹೋದರು. ಮತ್ತೆಂದೂ ಒಟ್ಟಿಗೆ ಕೆಲಸ ಮಾಡಲಿಲ್ಲ. ಇವರ ಅತಿ ದೊಡ್ಡ ಗೆಲುವಿಗೂ ಇವರ ಅಗಲಿಕೆಗೂ ಕಾರಣವಾದದ್ದು ಒಂದೇ ಬಗೆಯ ಸನ್ನಿವೇಶ ಎಂಬುದು ಈ ಕಥೆಯ ಸೋಜಿಗ.

ಹಾಡಿಲ್ಲದ ಚಿತ್ರದಲ್ಲಿ ಸಂಗೀತ

ನಿರ್ದೇಶಕ ಮತ್ತು ಸಂಗೀತ ನಿರ್ದೇಶಕರ ಜೋಡಿ ಎಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ಹಾಡು. ಪುಟ್ಟಣ್ಣ ಕಣಗಾಲ್ ಮತ್ತು ವಿಜಯಭಾಸ್ಕರ್ ಎಂದರೆ ಸಾಕು, ‘ಗೆಜ್ಜೆಪೂಜೆ’, ‘ಶರಪಂಜರ’, ‘ನಾಗರಹಾವು’ ಚಿತ್ರಗಳ ಹಾಡುಗಳು ಮನಸ್ಸಿನಲ್ಲಿ ತಾವಾಗಿ ಮೊಳಗುತ್ತವೆ. ಹಾಡೇ ಇಲ್ಲದ ಚಿತ್ರದಲ್ಲಿ ಸಂಗೀತ ನಿರ್ದೇಶಕನಿಗೆ ಏನು ಕೆಲಸ ಎಂದು ಮಕ್ಕಳು ಕೇಳಬಹುದು.

ಕೆಲಸ ಬಹಳವಿದೆ. ಚಿತ್ರೀಕರಣ ಮುಗಿದು, ಸಂಕಲನವಾಗಿ, ಚಿತ್ರ ಒಂದು ರೂಪಕ್ಕೆ ಬಂದ ಮೇಲೆ ಹಿನ್ನೆಲೆ ಸಂಗೀತದ ಸರದಿ. ನಮ್ಮ ಚಿತ್ರರಂಗದವರ ಬಾಯಲ್ಲಿ ಇದು ‘ರೀರೆಕಾರ್ಡಿಂಗ್’. ಯಾವ ದೃಶ್ಯಕ್ಕೆ ಸಂಗೀತ ಬೇಕು, ಯಾವುದಕ್ಕೆ ಬೇಡ, ಎಲ್ಲಿ ಶುರುವಾಗಬೇಕು, ಎಲ್ಲಿ ಸದ್ದಿಲ್ಲದೆ ಸರಿದುಹೋಗಬೇಕು ಎಂಬುದನ್ನು ನಿರ್ದೇಶಕನೂ ಸಂಗೀತಗಾರನೂ ಜೊತೆಗೆ ಕುಳಿತು ಚಿತ್ರ ನೋಡಿ ತೀರ್ಮಾನಿಸುತ್ತಾರೆ. ಆಮೇಲೆ ಸಂಗೀತಗಾರ ಸೆಕೆಂಡುಗಳ ಲೆಕ್ಕ ಹಿಡಿದು ಸ್ವರ ಬರೆಯುತ್ತಾನೆ. ವಾದ್ಯವೃಂದವನ್ನು ಕೂರಿಸಿಕೊಂಡು, ಎದುರಿಗೆ ಚಿತ್ರ ಓಡಿಸಿ, ಅದಕ್ಕೆ ಸರಿಯಾಗಿ ನುಡಿಸಿ ಧ್ವನಿಮುದ್ರಿಸಿಕೊಳ್ಳಲಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ನಿರ್ದೇಶಕ ಚಿತ್ರದ ಯಜಮಾನ. ಆದರೆ ಸಾಮಾನ್ಯವಾಗಿ ಅವನಿಗೆ ಸ್ವರ ಬರೆಯಲು ಬರುವುದಿಲ್ಲ. ತನಗೆ ಬೇಕಾದದ್ದನ್ನು ಅವನು ಮಾತಿನಲ್ಲಿ ಹೇಳಬೇಕು. ಸಂಗೀತಗಾರ ಆ ಮಾತನ್ನು ನಾದವಾಗಿಸಬೇಕು. ಮಾತಿಗೂ ನಾದಕ್ಕೂ ನಡುವೆ ಇರುವ ಸಂದಿನಲ್ಲಿಯೇ ಜಗಳಗಳು ಹುಟ್ಟುತ್ತವೆ. ಒಳ್ಳೆಯ ಸಂಗೀತವೂ ಅಲ್ಲಿಯೇ ಹುಟ್ಟುತ್ತದೆ.

ಇಬ್ಬರು ಹಠಮಾರಿಗಳು

ಹಿಚ್‌ಕಾಕ್ ಹುಟ್ಟಿದ್ದು 1899ರಲ್ಲಿ, ಲಂಡನ್ನಿನ ತರಕಾರಿ ವ್ಯಾಪಾರಿಯೊಬ್ಬನ ಮಗನಾಗಿ. ಚಿತ್ರರಂಗಕ್ಕೆ ಬಂದಾಗ ಸಿನಿಮಾಕ್ಕೆ ಇನ್ನೂ ಮಾತು ಬಂದಿರಲಿಲ್ಲ. ಮೂಕಿ ಚಿತ್ರಗಳ ನಡುನಡುವೆ ತೋರಿಸುವ ಬರಹದ ಫಲಕಗಳನ್ನು ತಯಾರಿಸುವುದು ಅವನ ಮೊದಲ ಕೆಲಸ. ಮಾತಿಲ್ಲದೆ ಚಿತ್ರದಿಂದಲೇ ಕಥೆ ಹೇಳುವ ವಿದ್ಯೆಯನ್ನು ಅವನು ಕಲಿತದ್ದು ಆ ಶಾಲೆಯಲ್ಲಿ. ಮುಂದೆ ದೊಡ್ಡ ನಿರ್ದೇಶಕನಾದ ಮೇಲೂ ಕ್ಯಾಮೆರಾ ಮುಟ್ಟುವ ಮೊದಲೇ ಚಿತ್ರ ಅವನ ತಲೆಯಲ್ಲಿ ಮುಗಿದಿರುತ್ತಿತ್ತು. ಯಾವ ದೃಶ್ಯದಲ್ಲಿ ಯಾವ ಸದ್ದು ಕೇಳಬೇಕು, ಎಲ್ಲಿ ಸಂಗೀತ ಬರಬೇಕು ಎಂದು ವಿವರವಾದ ಟಿಪ್ಪಣಿ ಬರೆಸಿ ಕೊಡುತ್ತಿದ್ದ. ಎಲ್ಲವೂ ತನ್ನ ಹಿಡಿತದಲ್ಲಿರಬೇಕು ಎನ್ನುವ ಮನುಷ್ಯ. ಆದರೆ ಏರು ದನಿಯಲ್ಲಿ ಕೂಗಾಡುವವನಲ್ಲ.

ಹರ್ಮನ್ ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕಿನಲ್ಲಿ. ಇಪ್ಪತ್ತರ ಹರೆಯದಲ್ಲೇ ಸಿ.ಬಿ.ಎಸ್. ರೇಡಿಯೋ ಸಂಸ್ಥೆಗೆ ಸೇರಿ ನಾಟಕಗಳಿಗೆ ಸಂಗೀತ ಕೊಡತೊಡಗಿದ. ಅಲ್ಲಿ ಪರಿಚಯವಾದವನು ಆರ್ಸನ್ ವೆಲ್ಸ್. ವೆಲ್ಸ್ ತನ್ನ ಮೊದಲ ಚಲನಚಿತ್ರ ‘ಸಿಟಿಜನ್ ಕೇನ್’ (1941) ಮಾಡಲು ಹಾಲಿವುಡ್‌ಗೆ ಹೋದಾಗ ಹರ್ಮನ್‌ನನ್ನೂ ಜೊತೆಗೆ ಕರೆದುಕೊಂಡ. ಅದು ಇಬ್ಬರಿಗೂ ಮೊದಲ ದೊಡ್ಡ ಚಿತ್ರ. ಅದೇ ವರ್ಷದ ಇನ್ನೊಂದು ಚಿತ್ರಕ್ಕೂ ಹರ್ಮನ್ ಸಂಗೀತ ಕೊಟ್ಟಿದ್ದ. ಆಸ್ಕರ್ ಸ್ಪರ್ಧೆಗೆ ಅವನ ಎರಡೂ ಕೃತಿಗಳು ನಿಂತವು. ಗೆದ್ದದ್ದು ‘ಸಿಟಿಜನ್ ಕೇನ್’ ಅಲ್ಲ, ಇನ್ನೊಂದು! ಅವನ ಜೀವಮಾನದಲ್ಲಿ ಬಂದ ಒಂದೇ ಆಸ್ಕರ್ ಅದು.

ಹಾಲಿವುಡ್‌ನಲ್ಲಿ ಬಹಳಷ್ಟು ಸಂಗೀತಗಾರರು ರಾಗದ ಎಳೆಯನ್ನಷ್ಟೇ ಬರೆದು, ಯಾವ ವಾದ್ಯ ಏನು ನುಡಿಸಬೇಕು ಎಂಬ ವಿವರವನ್ನು ಸಹಾಯಕರಿಗೆ ಬಿಡುತ್ತಿದ್ದರು. ಹರ್ಮನ್ ಒಪ್ಪಲಿಲ್ಲ. ಪ್ರತಿ ವಾದ್ಯದ ಪ್ರತಿ ಸ್ವರವನ್ನೂ ತಾನೇ ಬರೆಯುತ್ತಿದ್ದ. ಇನ್ನೊಬ್ಬರ ಕೈಯಿಂದ ಬರೆಸಿದರೆ ಅದು ತನ್ನ ಸಂಗೀತವಾಗುವುದಿಲ್ಲ ಎಂಬುದು ಅವನ ಪಟ್ಟು. ಓದು ಅಪಾರ, ಸಿಟ್ಟೂ ಅಪಾರ. ತನಗೆ ಸರಿ ಕಾಣದ್ದನ್ನು ಯಾರ ಮುಖದ ಮೇಲೆ ಬೇಕಾದರೂ ಹೇಳಿಬಿಡುವ ಸ್ವಭಾವ. ನಿರ್ಮಾಪಕರು ಅವನಿಗೆ ಹೆದರುತ್ತಿದ್ದರು.

ಒಬ್ಬ ಮೆಲುದನಿಯ ಹಠಮಾರಿ, ಇನ್ನೊಬ್ಬ ಏರುದನಿಯ ಹಠಮಾರಿ. ಇಂಥ ಇಬ್ಬರು 1955ರಲ್ಲಿ ‘ದಿ ಟ್ರಬಲ್ ವಿತ್ ಹ್ಯಾರಿ’ ಚಿತ್ರದಲ್ಲಿ ಮೊದಲ ಬಾರಿಗೆ ಕೂಡಿದರು. ಎಣ್ಣೆ ನೀರಿನಂತೆ ಬೇರೆಯಾಗುತ್ತಾರೆ ಎಂದುಕೊಂಡವರಿಗೆ ಅಚ್ಚರಿ ಕಾದಿತ್ತು. ಕೆಲಸದ ಆಚೆಗೂ ಸ್ನೇಹ ಬೆಳೆಯಿತು. ಹರ್ಮನ್ ಹಿಚ್‌ಕಾಕ್‌ನ ಮನೆಗೆ ಊಟಕ್ಕೆ ಹೋಗುವಷ್ಟು ಹತ್ತಿರದವನಾದ.

ಹರ್ಮನ್ ಬರಿಯ ಅಹಂಕಾರಿಯಾಗಿರಲಿಲ್ಲ ಎಂಬುದಕ್ಕೆ 1956ರ ‘ದಿ ಮ್ಯಾನ್ ಹೂ ನ್ಯೂ ಟೂ ಮಚ್’ ಸಾಕ್ಷಿ. ಆ ಚಿತ್ರದ ಮುಖ್ಯ ಘಟ್ಟ ಲಂಡನ್ನಿನ ಆಲ್ಬರ್ಟ್ ಹಾಲ್‌ನ ಸಂಗೀತ ಕಛೇರಿಯಲ್ಲಿ ನಡೆಯುತ್ತದೆ. ವಾದ್ಯವೃಂದದ ದೊಡ್ಡ ತಾಳಗಳು ‘ಝಣ್’ ಎಂದು ಬಡಿದುಕೊಳ್ಳುವ ಗಳಿಗೆಯಲ್ಲೇ ಕೊಲೆಗಾರ ಗುಂಡು ಹಾರಿಸಬೇಕು. ಸದ್ದು ಸದ್ದಿನಲ್ಲಿ ಅಡಗಬೇಕು. ಹಿಚ್‌ಕಾಕ್ ಇದೇ ಕಥೆಯನ್ನು 1934ರಲ್ಲಿ ಒಮ್ಮೆ ತೆಗೆದಿದ್ದ. ಆಗ ಆರ್ಥರ್ ಬೆಂಜಮಿನ್ ಎಂಬಾತ ಈ ಘಟ್ಟಕ್ಕೆ ಸಂಗೀತ ರಚಿಸಿದ್ದ. ಹೊಸದನ್ನು ಬರೆಯುವ ಅವಕಾಶ ಹರ್ಮನ್‌ಗೆ ಇತ್ತು. ಇದ್ದದ್ದೇ ಚೆನ್ನಾಗಿದೆ, ಇದನ್ನು ಮೀರಿಸಿ ಬರೆಯುವ ಅಗತ್ಯವಿಲ್ಲ ಎಂದು ಬೆಂಜಮಿನ್‌ನ ಕೃತಿಯನ್ನೇ ಉಳಿಸಿಕೊಂಡ. ಪರದೆಯ ಮೇಲೆ ಅದನ್ನು ನಡೆಸಿಕೊಡುವ ನಿರ್ವಾಹಕನೂ ಸ್ವತಃ ಹರ್ಮನ್ನೇ. ಇನ್ನೊಬ್ಬನ ಸಂಗೀತಕ್ಕೆ ಕೋಲು ಹಿಡಿದು ನಿಂತ ಅವನನ್ನು ಇಂದಿಗೂ ಆ ಚಿತ್ರದಲ್ಲಿ ನೋಡಬಹುದು.

1958ರಲ್ಲಿ ‘ವರ್ಟಿಗೊ’ ಬಂತು. ಕಳೆದುಹೋದ ಪ್ರೇಯಸಿಯ ರೂಪವನ್ನು ಇನ್ನೊಬ್ಬಳಲ್ಲಿ ಮರಳಿ ಕಟ್ಟಲು ಹೊರಟ ಗಂಡಸಿನ ಕಥೆ. ಚಿತ್ರದ ತುಂಬ ಉದ್ದುದ್ದ ಹೊತ್ತು ಯಾರೂ ಮಾತನಾಡುವುದಿಲ್ಲ. ಆ ಜಾಗವನ್ನೆಲ್ಲ ಹಿಚ್‌ಕಾಕ್ ನಂಬಿಕೆಯಿಂದ ಸಂಗೀತಕ್ಕೆ ಬಿಟ್ಟುಕೊಟ್ಟ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ವಿಮರ್ಶಕರನ್ನು ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 1962ರಿಂದ ಐದು ಪಟ್ಟಿಗಳಲ್ಲಿ ಮೊದಲ ಸ್ಥಾನ ‘ಸಿಟಿಜನ್ ಕೇನ್’ಗೆ. 2012ರಲ್ಲಿ ಅದನ್ನು ಕೆಳಗಿಳಿಸಿ ಮೇಲೇರಿದ್ದು ‘ವರ್ಟಿಗೊ’. ಒಂದರ ನಿರ್ದೇಶಕ ವೆಲ್ಸ್, ಇನ್ನೊಂದರದು ಹಿಚ್‌ಕಾಕ್. ಸಂಗೀತ ಮಾತ್ರ ಎರಡಕ್ಕೂ ಒಬ್ಬನದೇ.

ಮೊದಲ ‘ಬೇಡ’

‘ಸೈಕೋ’ ತೆಗೆಯುವಾಗ ಹಿಚ್‌ಕಾಕ್ ಒಂದು ಪಂದ್ಯಕ್ಕೆ ಬಿದ್ದಿದ್ದ. ಕಥೆ ಸ್ಟುಡಿಯೋದವರಿಗೆ ಹಿಡಿಸಲಿಲ್ಲ. ಹಾಗಾಗಿ ತನ್ನ ಸ್ವಂತ ಸಂಸ್ಥೆಯ ಹಣ ಹಾಕಿದ. ಸಂಭಾವನೆಯ ಬದಲು ಲಾಭದಲ್ಲಿ ಪಾಲು ಸಾಕೆಂದ. ತನ್ನ ಟಿ.ವಿ. ಧಾರಾವಾಹಿಯ ತಂಡವನ್ನೇ ಬಳಸಿ, ಕಪ್ಪು ಬಿಳುಪಿನಲ್ಲಿ, ಸುಮಾರು 8 ಲಕ್ಷ ಡಾಲರ್ ಖರ್ಚಿನಲ್ಲಿ ಚಿತ್ರ ಮುಗಿಸಿದ. ಹಾಲಿವುಡ್ ಲೆಕ್ಕದಲ್ಲಿ ಅದು ಪುಡಿಗಾಸು.

ಹರ್ಮನ್‌ಗೂ ಕೈ ಬಿಗಿ. ಅವನು ಅದನ್ನೇ ಅನುಕೂಲ ಮಾಡಿಕೊಂಡ. ಕಹಳೆ ಬೇಡ, ಕೊಳಲು ಬೇಡ, ಡೋಲು ಬೇಡ. ಬರೀ ತಂತಿವಾದ್ಯಗಳು ಸಾಕು ಎಂದ. ಚಿತ್ರ ಕಪ್ಪು ಬಿಳುಪಾದರೆ ಅದರ ನಾದವೂ ಕಪ್ಪು ಬಿಳುಪೇ ಇರಲಿ ಎಂಬುದು ಅವನ ತರ್ಕ. ಪಿಟೀಲಿನಂಥ ಮಧುರ ವಾದ್ಯದಿಂದ ಹೆದರಿಸಬಹುದೆಂದು ಅಲ್ಲಿಯವರೆಗೆ ಯಾರು ತಾನೇ ಎಣಿಸಿದ್ದರು?

ಚಿತ್ರದ ನಡುವೆ ಬರುವ ಕೊಲೆಯ ದೃಶ್ಯ ಈಗ ಲೋಕಪ್ರಸಿದ್ಧ. ಕಾರಿನಲ್ಲಿ ಓಡಿಬಂದ ಆ ತರುಣಿ ರಾತ್ರಿ ತಂಗಲು ರಸ್ತೆ ಬದಿಯ ವಸತಿಗೃಹಕ್ಕೆ ಬರುತ್ತಾಳೆ. ಸ್ನಾನದ ಕೋಣೆಯಲ್ಲಿ ಅವಳ ಕೊಲೆಯಾಗುತ್ತದೆ. ಪರದೆಯ ಮೇಲೆ ಒಂದು ನಿಮಿಷವೂ ಇಲ್ಲದ ಈ ಭಾಗದ ಚಿತ್ರೀಕರಣಕ್ಕೆ ಒಂದು ವಾರ ಹಿಡಿದಿತ್ತು. ಈ ದೃಶ್ಯದ ಬಗ್ಗೆ ಹಿಚ್‌ಕಾಕ್ ಕಡ್ಡಿ ಮುರಿದಂತೆ ಹೇಳಿದ್ದ: ಇಲ್ಲಿ ಸಂಗೀತ ಬೇಡ. ನೀರು ಬೀಳುವ ಸದ್ದು ಮತ್ತು ಆಕೆಯ ಚೀತ್ಕಾರ ಸಾಕು.

ಹರ್ಮನ್ ಮುಂದೆ ಸಂದರ್ಶನಗಳಲ್ಲಿ ನೆನಪಿಸಿಕೊಂಡ ಪ್ರಕಾರ, ಆ ಹೊತ್ತಿಗೆ ಹಿಚ್‌ಕಾಕ್‌ಗೆ ತನ್ನ ಚಿತ್ರದ ಮೇಲೆ ಭರವಸೆ ಹೊರಟುಹೋಗಿತ್ತು. ಕತ್ತರಿಸಿ ಟಿ.ವಿ.ಗೆ ಕೊಟ್ಟುಬಿಡೋಣ ಎನ್ನುವವರೆಗೆ ಮಾತು ಬಂದಿತ್ತು. ತನಗೆ ಸ್ವಲ್ಪ ಸಮಯ ಕೊಡಿ ಎಂದು ಕೇಳಿ ಹರ್ಮನ್ ಕೆಲಸಕ್ಕೆ ಕುಳಿತ. ಬೇಡವೆಂದಿದ್ದ ದೃಶ್ಯಕ್ಕೂ ಸಂಗೀತ ಬರೆದ.

ಬರೆದ ಮೇಲೆ ಅವನು ನಡೆದುಕೊಂಡ ರೀತಿ ಮುಖ್ಯ. ಹಿಚ್‌ಕಾಕ್ ಬಂದಾಗ ಮೊದಲು ದೃಶ್ಯವನ್ನು ನಿರ್ದೇಶಕನ ಇಷ್ಟದಂತೆ ಸಂಗೀತವಿಲ್ಲದೆ ತೋರಿಸಿದ. ಆಮೇಲೆ ಅದನ್ನೇ ಸಂಗೀತದೊಂದಿಗೆ ತೋರಿಸಿದ. ಪಿಟೀಲುಗಳು ತಾರಕದಲ್ಲಿ ಹಕ್ಕಿಗಳಂತೆ ಕಿರುಚಿದವು. ಆಯ್ಕೆಯನ್ನು ನಿರ್ದೇಶಕನಿಗೇ ಬಿಟ್ಟ. ಸಂಗೀತ ಬೇಡ ಎಂದಿದ್ದ ತನ್ನ ಸೂಚನೆಯೇ ಸರಿಯಿರಲಿಲ್ಲ ಎಂದು ಹಿಚ್‌ಕಾಕ್ ಒಪ್ಪಿಕೊಂಡ. ಸಂಗೀತ ಚಿತ್ರದಲ್ಲಿ ಉಳಿಯಿತು.

ಮುಂದಿನದು ಇತಿಹಾಸ. ಚಿತ್ರಮಂದಿರಗಳ ಮುಂದೆ ಸಾಲು ನಿಂತಿತು. ಹಿಚ್‌ಕಾಕ್‌ನ ಚಿತ್ರಗಳಲ್ಲೇ ಅತಿ ಹೆಚ್ಚು ಹಣ ತಂದ ಚಿತ್ರಗಳ ಸಾಲಿಗೆ ‘ಸೈಕೋ’ ಸೇರಿತು. ಚಿತ್ರದ ಪರಿಣಾಮದಲ್ಲಿ ಮೂರನೆಯ ಒಂದು ಪಾಲು ಸಂಗೀತದ್ದು ಎಂದು ಹಿಚ್‌ಕಾಕ್ ಹೇಳಿದ್ದುಂಟು. ಎಲ್ಲವೂ ತನ್ನ ಹಿಡಿತದಲ್ಲಿರಬೇಕು ಎನ್ನುವವನು ಅಷ್ಟು ಪಾಲನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ.

ಮೌನದ ಪಾಠ

ಇದನ್ನು ಓದಿ, ಹಿರಿಯರು ಬೇಡವೆಂದದ್ದನ್ನು ಮಾಡಿ ತೋರಿಸಿದರೆ ಗೆಲುವು ಖಂಡಿತ ಎಂದು ವಿದ್ಯಾರ್ಥಿಗಳು ತಿಳಿದರೆ ಅವಸರವಾದೀತು. ಮೂರು ವರ್ಷಗಳ ನಂತರದ ‘ದಿ ಬರ್ಡ್ಸ್’ (1963) ಚಿತ್ರವನ್ನೂ ನೋಡಬೇಕು. ಹಕ್ಕಿಗಳ ಹಿಂಡು ಮನುಷ್ಯರ ಮೇಲೆ ಎರಗುವ ಈ ಚಿತ್ರಕ್ಕೆ ಮಾಮೂಲಿನ ಹಿನ್ನೆಲೆ ಸಂಗೀತವೇ ಇಲ್ಲ. ಹಕ್ಕಿಗಳ ಕೂಗು, ರೆಕ್ಕೆಗಳ ಬಡಿತ, ಇದ್ದಕ್ಕಿದ್ದಂತೆ ಕವಿಯುವ ನಿಶ್ಶಬ್ದ, ಇಷ್ಟರಿಂದಲೇ ಭಯ ಹುಟ್ಟುತ್ತದೆ. ಜರ್ಮನಿಯಲ್ಲಿ ಆಸ್ಕರ್ ಸಾಲ ಎಂಬ ತಜ್ಞ ‘ಟ್ರೌಟೋನಿಯಂ’ ಎಂಬ ವಿದ್ಯುತ್ ವಾದ್ಯದಿಂದ ಹಕ್ಕಿಗಳ ಅನೇಕ ಸದ್ದುಗಳನ್ನು ಸೃಷ್ಟಿಸಿಕೊಟ್ಟ.

ಈ ಚಿತ್ರದಲ್ಲಿ ಹರ್ಮನ್‌ನ ಹೆಸರು ಧ್ವನಿ ಸಲಹೆಗಾರ ಎಂದು ಬರುತ್ತದೆ. ಹೆಸರಾಂತ ಸಂಗೀತಗಾರ ಒಂದು ಸ್ವರವನ್ನೂ ಬರೆಯದೆ, ಯಾವ ಸದ್ದು ಎಲ್ಲಿ ಇರಬೇಕು ಎಂದು ಹೇಳುತ್ತಾ ಕುಳಿತ. ಮೌನ ಬೇಕಾದ ಕಡೆ ಮೌನವನ್ನು ಒಪ್ಪಿಕೊಳ್ಳುವುದು ಅವನಿಗೆ ಗೊತ್ತಿತ್ತು ಎಂದಾಯಿತು. ಅವನ ಹಠ ತನ್ನ ಸಂಗೀತಕ್ಕಾಗಿ ಅಲ್ಲ, ಚಿತ್ರಕ್ಕಾಗಿ. ಎಲ್ಲಿಯವರೆಗೆ ಹಠ ಕೆಲಸದ ಪರವಾಗಿತ್ತೋ ಅಲ್ಲಿಯವರೆಗೆ ಜೋಡಿ ಮುರಿಯಲಿಲ್ಲ.

ಎರಡನೆಯ ‘ಬೇಡ’

ಕಾಲ ಬದಲಾಯಿತು. 1964ರ ‘ಮಾರ್ನಿ’ ನಿರೀಕ್ಷಿಸಿದಷ್ಟು ಓಡಲಿಲ್ಲ. ಬೀಟಲ್ಸ್ ತಂಡದ ಹಾಡುಗಳಿಗೆ ಯುವಕರು ಹುಚ್ಚೆದ್ದು ಕುಣಿಯುತ್ತಿದ್ದ ಕಾಲ ಅದು. ಚಿತ್ರದ ಜೊತೆ ಗ್ರಾಮಫೋನ್ ರೆಕಾರ್ಡೂ ಮಾರಾಟವಾಗಬೇಕು ಎಂಬ ಆಸೆ ಸ್ಟುಡಿಯೋಗಳಿಗೆ ಹತ್ತಿತ್ತು. ಹರ್ಮನ್‌ನದು ಹಳೆಯ ಕಾಲದ ಸಂಗೀತ, ಅವನನ್ನು ಬಿಟ್ಟುಬಿಡಿ ಎಂದು ಯೂನಿವರ್ಸಲ್ ಸ್ಟುಡಿಯೋದ ದೊಡ್ಡವರು ಹಿಚ್‌ಕಾಕ್‌ನ ಕಿವಿ ಊದುತ್ತಿದ್ದರು.

ಮುಂದಿನ ಚಿತ್ರ ‘ಟಾರ್ನ್ ಕರ್ಟನ್’. ಪಾಲ್ ನ್ಯೂಮನ್ ಮತ್ತು ಜೂಲಿ ಆಂಡ್ರ್ಯೂಸ್ ಎಂಬ ಭಾರೀ ತಾರೆಯರ ಚಿತ್ರ. ಹಿಚ್‌ಕಾಕ್ ಗೆಳೆಯನನ್ನು ಬಿಡಲಿಲ್ಲ. ಆದರೆ 1965ರ ನವೆಂಬರಿನಲ್ಲಿ ಅವನಿಗೆ ಉದ್ದನೆಯ ತಂತಿ ಕಳಿಸಿದ. ಈಗಿನ ಪ್ರೇಕ್ಷಕರು ಎಳೆಯರು, ಅವರಿಗೆ ಲಯವಿರುವ, ಹುರುಪಿನ ಸಂಗೀತ ಬೇಕು, ಹಳೆಯ ದಾರಿ ಬಿಡಬೇಕು ಎಂಬುದು ಅದರ ಸಾರಾಂಶ. ಹರ್ಮನ್ ಸಂತೋಷದಿಂದ ಒಪ್ಪಿರುವುದಾಗಿ ಉತ್ತರಿಸಿದ.

ಒಪ್ಪಿದ್ದು ಕಾಗದದ ಮೇಲೆ. ಮನಸ್ಸು ಒಪ್ಪಿರಲಿಲ್ಲ. 1966ರ ಮಾರ್ಚಿನಲ್ಲಿ ಧ್ವನಿಮುದ್ರಣಕ್ಕೆ ಅವನು ಕೂರಿಸಿದ ವಾದ್ಯವೃಂದವೇ ಅದನ್ನು ಹೇಳುತ್ತಿತ್ತು: 12 ಕೊಳಲು, 16 ಹಾರ್ನ್, 9 ಟ್ರಾಂಬೋನ್, ಜೊತೆಗೆ ಮಂದ್ರದ ತಂತಿವಾದ್ಯಗಳು ಮತ್ತು ನಗಾರಿಯಂಥ ಟಿಂಪನಿಗಳು. ಒಂದೇ ಒಂದು ಪಿಟೀಲು ಇರಲಿಲ್ಲ. ‘ಸೈಕೋ’ದಲ್ಲಿ ಪಿಟೀಲಿನಿಂದ ಜಗತ್ತನ್ನು ಹೆದರಿಸಿದವನು ಈ ಬಾರಿ ಪಿಟೀಲನ್ನೇ ಹೊರಗಿಟ್ಟಿದ್ದ. ಹೊಸತು ನಿಜ, ಆದರೆ ಕೇಳಿದ ಹೊಸತಲ್ಲ. ಲವಲವಿಕೆಯ ಹಾಡಿನ ಧಾಟಿ ಕೇಳಿದವರಿಗೆ ಅವನು ಕಬ್ಬಿಣದಂತೆ ಭಾರವಾದ, ಕತ್ತಲ ನಾದವನ್ನು ಬರೆದು ತಂದಿದ್ದ.

ಇದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಈ ಚಿತ್ರದಲ್ಲೂ ಒಂದು ಕೊಲೆಯಿದೆ. ಅಮೆರಿಕದ ವಿಜ್ಞಾನಿ ಪೂರ್ವ ಜರ್ಮನಿಯ ಒಂದು ತೋಟದ ಮನೆಯಲ್ಲಿ ತನ್ನ ಬೆನ್ನು ಹತ್ತಿದ ಗ್ರೋಮೆಕ್ ಎಂಬ ಕಾವಲುಗಾರನನ್ನು ಕೊಲ್ಲಬೇಕಾಗುತ್ತದೆ. ಹೊರಗೆ ಕಾರಿನ ಚಾಲಕ ಕಾದಿದ್ದಾನೆ, ಸದ್ದಾಗಕೂಡದು. ಸಿನಿಮಾಗಳಲ್ಲಿ ಒಂದೇ ಗುಂಡಿಗೆ ಜನ ಸಾಯುತ್ತಾರೆ. ನಿಜವಾಗಿ ಒಬ್ಬ ಮನುಷ್ಯನನ್ನು ಕೊಲ್ಲುವುದು ಎಷ್ಟು ಕಷ್ಟದ, ಎಷ್ಟು ಹೇಸಿಗೆಯ ಕೆಲಸ ಎಂದು ತೋರಿಸುವುದು ಹಿಚ್‌ಕಾಕ್‌ನ ಉದ್ದೇಶವಾಗಿತ್ತು. ಆದ್ದರಿಂದ ಆತ ಹೇಳಿದ್ದ: ಇಲ್ಲಿ ಸಂಗೀತ ಬೇಡ.

ಹರ್ಮನ್ ಬರೆದ.

ಧ್ವನಿಮುದ್ರಣ ನಡೆಯುತ್ತಿದ್ದಾಗ ಹಿಚ್‌ಕಾಕ್ ಅಲ್ಲಿಗೆ ಬಂದ. ಆರಂಭದ ಸಂಗೀತ ಕೇಳಿದ. ತಾನು ಕೇಳಿದ್ದು ಇದಲ್ಲ ಎಂದು ಕೆರಳಿದ. ಉಳಿದದ್ದನ್ನು ಚಿತ್ರದೊಂದಿಗೆ ನೋಡುವ ತಾಳ್ಮೆ ಈ ಸಲ ಇರಲಿಲ್ಲ. ವಾದ್ಯಗಾರರೆಲ್ಲ ಕುಳಿತಿರುವಾಗಲೇ ಕೆಲಸ ನಿಂತಿತು. ಹರ್ಮನ್‌ನ ಸಂಗೀತ ತಿರಸ್ಕೃತವಾಯಿತು. ಜಾನ್ ಅಡಿಸನ್ ಎಂಬ ಬೇರೊಬ್ಬ ಸಂಗೀತಗಾರ ಹೊಸದಾಗಿ ಬರೆದುಕೊಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ವರ್ಷದ ಒಡನಾಟ ಅಲ್ಲಿಗೆ ಮುಗಿಯಿತು.

ಆಮೇಲೆ

ಇಬ್ಬರೂ ಸೋತರು ಎನ್ನಲಾಗದು. ಇಬ್ಬರೂ ಗೆದ್ದರು ಎನ್ನಲೂ ಆಗದು. ಹಿಚ್‌ಕಾಕ್ ಅದಾದ ಮೇಲೆ ಮೂರು ಚಿತ್ರ ಮಾಡಿದ. ಮೂರಕ್ಕೂ ಮೂವರು ಬೇರೆ ಬೇರೆ ಸಂಗೀತಗಾರರು. 1980ರಲ್ಲಿ ತೀರಿಕೊಂಡ. ‘ವರ್ಟಿಗೊ’, ‘ಸೈಕೋ’ಗಳ ಎತ್ತರಕ್ಕೆ ಆ ಚಿತ್ರಗಳು ಏರಲಿಲ್ಲ ಎಂದು ಬಹಳಷ್ಟು ವಿಮರ್ಶಕರು ಹೇಳುತ್ತಾರೆ.

ಹರ್ಮನ್ ಲಂಡನ್ನಿಗೆ ಹೋಗಿ ನೆಲೆಸಿದ. ಹಾಲಿವುಡ್‌ಗೆ ಹಳಬನಾಗಿ ಕಂಡವನನ್ನು ಹುಡುಕಿಕೊಂಡು ಬಂದವರು ಹೊಸಬರು. ಹಿಚ್‌ಕಾಕ್‌ನ ಭಕ್ತನೇ ಆಗಿದ್ದ ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರುಫೋ ಅದೇ 1966ರಲ್ಲಿ ತನ್ನ ‘ಫ್ಯಾರನ್‌ಹೀಟ್ 451’ ಚಿತ್ರಕ್ಕೆ ಅವನ ಸಂಗೀತ ಪಡೆದ. ಆಮೇಲೆ ಬ್ರಯಾನ್ ಡಿ ಪಾಲ್ಮ, ಕೊನೆಗೆ ಮಾರ್ಟಿನ್ ಸ್ಕಾರ್ಸೆಸಿ ಬಂದರು. ಆಗ ಈ ಕೊನೆಯ ಇಬ್ಬರೂ ಇನ್ನೂ ಬೆಳೆಯುತ್ತಿದ್ದ ಹುಡುಗರು. ಸ್ಕಾರ್ಸೆಸಿಯ ‘ಟ್ಯಾಕ್ಸಿ ಡ್ರೈವರ್’ ಚಿತ್ರದ ಧ್ವನಿಮುದ್ರಣವನ್ನು ಹರ್ಮನ್ ಮುಗಿಸಿದ್ದು 1975ರ ಡಿಸೆಂಬರ್ 23ರಂದು. ಅಂದು ರಾತ್ರಿ ಹೋಟೆಲಿನ ಕೋಣೆಯಲ್ಲಿ ಮಲಗಿದವನು ಮರುದಿನ ಏಳಲಿಲ್ಲ. ವಯಸ್ಸು 64. ಆ ಚಿತ್ರದ ಕೊನೆಯಲ್ಲಿ ಅವನಿಗೆ ಕೃತಜ್ಞತೆ ಸಲ್ಲಿಸುವ ಬರಹವಿದೆ.

ತಿರಸ್ಕೃತವಾದ ಸಂಗೀತವೂ ಸಾಯಲಿಲ್ಲ. ಮುಂದೆ ಬೇರೆ ವಾದ್ಯವೃಂದಗಳು ಅದನ್ನು ನುಡಿಸಿ ರೆಕಾರ್ಡ್ ಮಾಡಿದವು. ‘ಟಾರ್ನ್ ಕರ್ಟನ್’ ಡಿವಿಡಿಯಲ್ಲಿ ಕೆಲವು ದೃಶ್ಯಗಳನ್ನು ಹರ್ಮನ್‌ನ ಸಂಗೀತದೊಂದಿಗೆ ಜೋಡಿಸಿಯೂ ಕೊಟ್ಟಿದ್ದಾರೆ. ಚಿತ್ರದಲ್ಲಿ ಉಳಿದಿರುವ ಗ್ರೋಮೆಕ್‌ನ ದೃಶ್ಯ ಮಾತ್ರ ಹಿಚ್‌ಕಾಕ್ ಬಯಸಿದಂತೆ ಸಂಗೀತವಿಲ್ಲದೆ ಇದೆ. ಏದುಸಿರು, ತಳ್ಳಾಟ, ಪಾತ್ರೆಯ ಸದ್ದು. ನೋಡುವಾಗ ಹೊಟ್ಟೆ ತೊಳಸುತ್ತದೆ. ಈ ಬಾರಿ ‘ಬೇಡ’ ಎಂದವನ ಮಾತೇ ಸರಿಯಾಗಿತ್ತೇನೋ!

ತಪ್ಪು ಯಾರದು?

ಎರಡು ಚಿತ್ರ, ಎರಡು ಕೊಲೆಯ ದೃಶ್ಯ, ಎರಡರಲ್ಲೂ ‘ಸಂಗೀತ ಬೇಡ’ ಎಂಬ ಮಾತು, ಎರಡು ಬಾರಿಯೂ ಸಂಗೀತ ಬರೆದ ಅದೇ ಹರ್ಮನ್. ಒಮ್ಮೆ ಬೆನ್ನು ತಟ್ಟಿಸಿಕೊಂಡ, ಒಮ್ಮೆ ಬಾಗಿಲು ಹಾಕಿಸಿಕೊಂಡ. ಆರು ವರ್ಷಗಳಲ್ಲಿ ಬದಲಾದದ್ದು ಏನು?

ಮೊದಲ ಸಲ ಹರ್ಮನ್ ಎರಡು ದಾರಿಗಳನ್ನೂ ಮುಂದಿಟ್ಟ. ನಿಮ್ಮದು ಹೀಗಿದೆ, ನನ್ನದು ಹೀಗಿದೆ, ಆರಿಸಿಕೊಳ್ಳಿ ಎಂದ. ಭಿನ್ನಾಭಿಪ್ರಾಯ ಬೆಳಕಿನಲ್ಲಿತ್ತು. ಎರಡನೆಯ ಸಲ ಬಾಯಲ್ಲಿ ‘ಹೂಂ’ ಎಂದು, ಕೈಯಲ್ಲಿ ‘ಉಹೂಂ’ ಬರೆದ. ತಂತಿ ಬಂದ ದಿನವೇ ‘ನನ್ನಿಂದ ಇಂಥದು ಆಗದು’ ಎಂದಿದ್ದರೆ ಒಂದು ಚಿತ್ರ ಕೈ ತಪ್ಪುತ್ತಿತ್ತು, ಸ್ನೇಹ ಉಳಿಯುತ್ತಿತ್ತೋ ಏನೋ. ಅದನ್ನು ಬಿಟ್ಟು ವಾದ್ಯವೃಂದವೆಲ್ಲ ಸೇರಿದ ಮೇಲೆ, ಹಣ ಖರ್ಚಾಗುತ್ತಿದ್ದಾಗ, ಎಲ್ಲರೆದುರು ಸತ್ಯ ಹೊರಬಿತ್ತು. ಅಲ್ಲಿ ಹಿಂದೆ ಸರಿಯಲು ಇಬ್ಬರಿಗೂ ಜಾಗವಿರಲಿಲ್ಲ.

ಹಿಚ್‌ಕಾಕ್‌ನದೂ ಕಡಿಮೆ ತಪ್ಪಲ್ಲ. ‘ಸೈಕೋ’ ಕಾಲದಲ್ಲಿ ಸ್ವಂತ ಹಣ ಪಣಕ್ಕಿಟ್ಟಿದ್ದರೂ ಅವನಿಗೆ ಇನ್ನೊಬ್ಬರ ಮಾತು ಕೇಳುವ ಧೈರ್ಯವಿತ್ತು. ಎರಡೂ ಬಗೆ ನೋಡಿ ತೀರ್ಮಾನಿಸಿದ. 1966ರಲ್ಲಿ ಅವನ ಕಿವಿಯಲ್ಲಿ ಸ್ಟುಡಿಯೋದವರ ಮಾತು ತುಂಬಿತ್ತು. ಸೋಲಿನ ಹೆದರಿಕೆ ಇತ್ತು. ಹೆದರಿದ ಮನುಷ್ಯನಿಗೆ ಗೆಳೆಯನ ಭಿನ್ನಮತವೂ ದ್ರೋಹದಂತೆ ಕೇಳಿಸುತ್ತದೆ. ಕೊನೆಯವರೆಗೆ ಕೇಳಿಯಾದರೂ ಬೇಡ ಎನ್ನಬಹುದಿತ್ತು.

ವಿಜ್ಞಾನ ಪ್ರದರ್ಶನಕ್ಕೆ ಇಬ್ಬರು ಗೆಳೆಯರು ಸೇರಿ ಮಾದರಿ ಮಾಡುವಾಗ, ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ತಾಲೀಮು ನಡೆಸುವಾಗ ಇದೇ ಪ್ರಶ್ನೆ ಎದುರಾಗುತ್ತದೆ. ಒಬ್ಬ ಹೀಗೆ ಎನ್ನುತ್ತಾನೆ, ಇನ್ನೊಬ್ಬನಿಗೆ ಹಾಗೆ ಎನಿಸುತ್ತದೆ. ಮೇಷ್ಟ್ರು ಹೇಳಿದರೆಂದು ಎಲ್ಲದಕ್ಕೂ ತಲೆಯಾಡಿಸುವ ಹುಡುಗನಿಂದ ಹೊಸತು ಹುಟ್ಟುವುದಿಲ್ಲ. ತಲೆಯಾಡಿಸಿ ಬಂದು ತನಗೆ ತೋಚಿದ್ದನ್ನೇ ಮಾಡುವವನಿಂದ ಜೊತೆಗಾರಿಕೆ ಉಳಿಯುವುದಿಲ್ಲ. ಇವೆರಡರ ನಡುವೆ ಮೂರನೆಯ ದಾರಿಯಿದೆ. ಹೇಳಿದ್ದನ್ನೂ ಮಾಡಿ, ತನಗೆ ತೋಚಿದ್ದನ್ನೂ ಮಾಡಿ, ಎರಡನ್ನೂ ಮುಂದಿಟ್ಟು ನೋಡಿ ಎನ್ನುವ ದಾರಿ. ಅದಕ್ಕೆ ಎರಡರಷ್ಟು ದುಡಿಮೆ ಬೇಕು. ‘ಸೈಕೋ’ದ ಹರ್ಮನ್ ದುಡಿದದ್ದು ಹಾಗೆ.

ಹೆತ್ತವರಿಗೂ ಒಂದು ಮಾತು. ಎಂಜಿನಿಯರಿಂಗ್ ಓದು ಎಂದಾಗ ‘ಆಯಿತು’ ಎಂದ ಮಗ, ಎರಡು ವರ್ಷದ ನಂತರ ತನಗದು ಬೇಡವಾಗಿತ್ತು ಎಂದು ಹೇಳಿದರೆ ಸಿಟ್ಟು ಬರುವುದು ಸಹಜ. ಆದರೆ ಮೊದಲ ದಿನ ‘ಬೇಡ’ ಎನ್ನಲು ಮನೆಯಲ್ಲಿ ಅವನಿಗೆ ಜಾಗವಿತ್ತೇ ಎಂದೂ ಕೇಳಿಕೊಳ್ಳಬೇಕು. ಮಕ್ಕಳ ‘ಬೇಡ’ವನ್ನು ಕೊನೆಯವರೆಗೆ ಕೇಳಿಸಿಕೊಂಡರೆ ಎಲ್ಲವನ್ನೂ ಒಪ್ಪಬೇಕೆಂದೇನೂ ಇಲ್ಲ. ಕೇಳಿದ ಮೇಲೆ ಹೇಳುವ ‘ಬೇಡ’ಕ್ಕೂ ಕೇಳದೆ ಹೇಳುವ ‘ಬೇಡ’ಕ್ಕೂ ಬಹಳ ಅಂತರವಿದೆ.

‘ಸೈಕೋ’ ಚಿಕ್ಕ ಮಕ್ಕಳಿಗೆ ತೋರಿಸುವ ಚಿತ್ರವಲ್ಲ. ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಕಾರಿನ ಆ ಮಳೆಯ ದೃಶ್ಯವನ್ನು ಒಮ್ಮೆ ಧ್ವನಿ ಅಡಗಿಸಿ, ಒಮ್ಮೆ ಧ್ವನಿಯೊಂದಿಗೆ ನೋಡಬಹುದು. ಆಮೇಲೆ ಗ್ರೋಮೆಕ್‌ನ ದೃಶ್ಯವನ್ನೂ ಎರಡು ಬಗೆಯಲ್ಲಿ ನೋಡಿ, ನಿರ್ದೇಶಕ ಸರಿಯೋ ಸಂಗೀತಗಾರ ಸರಿಯೋ ಎಂದು ಅಪ್ಪ ಅಮ್ಮ ಮಕ್ಕಳೆಲ್ಲ ವಾದ ಮಾಡಬಹುದು. ಒಮ್ಮತಕ್ಕೆ ಬರದಿದ್ದರೆ ಚಿಂತೆಯಿಲ್ಲ. ವಾದ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತರೆ ಸಾಕು. ಆ ಇಬ್ಬರು ಪ್ರತಿಭಾವಂತರಿಂದ ಆಗದೆ ಹೋದದ್ದು ಅದೊಂದೇ.